ಕೆರೆದಂಡೆಯ ಭಾನುವಾರ: ಬಳಸುವ ವಿಧಾನ

ಉಡುಪಿ–ಮಣಿಪಾಲದ ಕಡೆಯ ಒಂದು ಕೆರೆ, ಡಿಸೆಂಬರಿನಿಂದ ಫೆಬ್ರವರಿಯೊಳಗಿನ ಒಂದು ಭಾನುವಾರ, ಜೊತೆಗೆ ನಾಲ್ಕೈದು ಮಂದಿ ಸ್ನೇಹಿತರು. ಇಷ್ಟನ್ನು ಒಂದೇ ಬೆಳಗ್ಗೆ ಒಟ್ಟುಗೂಡಿಸಿದ ಗ್ರಾಹಕರಿಗೆ ಅಭಿನಂದನೆಗಳು. ನಿಮ್ಮ ಕೈಸೇರಿರುವುದು ‘ಹಕ್ಕಿ ನೋಡುವ ದಿನ’. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದದೆ ಬಳಸಿದರೂ ನಡೆಯುತ್ತದೆ. ಹೆಚ್ಚು ಹಕ್ಕಿ ಕಂಡೆವೆಂದು ಸಂಜೆ ಹೇಳಿಕೊಳ್ಳುವವರು ಹಾಗೆ ಬಳಸಿದವರೇ.

ಪೆಟ್ಟಿಗೆಯೊಳಗೆ ಏನೇನಿದೆ

ಬೈನಾಕ್ಯುಲರ್, ನಾಲ್ವರಿಗೆ ಒಂದರಂತೆ. ಅದರ ಮೈಮೇಲೆ 8×42 ಎಂದು ಅಚ್ಚಾಗಿದ್ದರೆ ಒಳ್ಳೆಯದು: ಎಂಟು ಪಟ್ಟು ಹತ್ತಿರಕ್ಕೆ ತೋರಿಸುತ್ತದೆ, ಮುಂದಿನ ಗಾಜಿನ ಅಡ್ಡಳತೆ 42 ಮಿಲಿಮೀಟರ್. ಅಂಗಡಿಯವರು ಇಪ್ಪತ್ತು ಪಟ್ಟಿನದನ್ನು ಹೊರತೆಗೆದು ‘ಇದು ಇನ್ನೂ ಪವರ್‌ಫುಲ್ ಸಾರ್’ ಎಂದರೆ ಕೈಮುಗಿದು ವಾಪಸು ಕೊಡಿ. ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವನ್ನೂ ಅದು ಇಪ್ಪತ್ತು ಪಟ್ಟು ಮಾಡುತ್ತದೆ. ಕಾಣುವ ನೋಟವೂ ಕಿರಿದಾಗಿ, ಹಕ್ಕಿ ಹೋಗಲಿ, ಅದು ಕೂತ ಮರವೇ ಸಿಗುವುದಿಲ್ಲ.

ಪುಸ್ತಕ. ಸಲೀಂ ಅಲಿಯವರ ಭಾರತೀಯ ಹಕ್ಕಿಗಳ ಪುಸ್ತಕ ಮೊದಲು ಅಚ್ಚಾದದ್ದು 1941ರಲ್ಲಿ. ಅದರ ಯಾವುದಾದರೊಂದು ಆವೃತ್ತಿ, ಬೆನ್ನು ಕಳಚಿಕೊಂಡು, ಯಾರದಾದರೂ ಮನೆಯ ಕಪಾಟಿನಲ್ಲಿ ಇದ್ದೇ ಇರುತ್ತದೆ. ಅದನ್ನು ತರುವವರು ಗುಂಪಿನ ಹಿರಿಯರು. ಅವರು ಅದನ್ನು ಬಿಡಿಸುವುದಿಲ್ಲ. ಹೇಳಿದ ಮಾತಿಗೆ ತೂಕ ಬರಲಿ ಎಂದು ಕಂಕುಳಲ್ಲಿ ಇಟ್ಟುಕೊಳ್ಳುತ್ತಾರೆ. ತೇಜಸ್ವಿಯವರನ್ನು ಓದಿ ಹಕ್ಕಿಯ ಹುಚ್ಚು ಹಿಡಿಸಿಕೊಂಡವರು ಬೇರೆ ಪಂಗಡ. ಅವರ ಹತ್ತಿರ ಪುಸ್ತಕ ಇರುವುದಿಲ್ಲ, ಕತೆ ಇರುತ್ತದೆ.

ಮನುಷ್ಯರು. ಇವರೇ ಈ ಪೆಟ್ಟಿಗೆಯ ನಾಜೂಕಿನ ಭಾಗ. ಎಲ್ಲರಿಗಿಂತ ಮೊದಲು ಹೆಸರು ಹೇಳಿಬಿಡುವವರೊಬ್ಬರು ಇರಲೇಬೇಕು. ಇವರನ್ನು ‘ಮಾಸ್ಟ್ರು’ ಎನ್ನುವುದು ರೂಢಿ. ಯಾವ ಶಾಲೆಯಲ್ಲೂ ಕಲಿಸಿರಬೇಕೆಂದೇನಿಲ್ಲ. ಕ್ಯಾಮೆರಾದವರು ಒಬ್ಬರು, ಇವರ ಲೆನ್ಸು ಇವರ ತೋಳಿಗಿಂತ ದಪ್ಪ. ತಿಂಡಿಯವರು ಒಬ್ಬರು, ಇವರು ಬಾರದಿದ್ದರೆ ಹೊರಡುವುದನ್ನು ಮುಂದಿನ ವಾರಕ್ಕೆ ಹಾಕಿ. ಮತ್ತೊಬ್ಬರು ರಾತ್ರಿಯಿಡೀ ಯಕ್ಷಗಾನ ಬಯಲಾಟ ನೋಡಿ, ಬೆಳಗಿನ ಮಂಗಳ ಪದ್ಯ ಮುಗಿಸಿಕೊಂಡು ಸೀದಾ ಕೆರೆಗೆ ಬಂದವರು. ನವೆಂಬರಿನಿಂದ ಮೇ ತನಕ ಮೇಳಗಳ ತಿರುಗಾಟ ಇರುವುದರಿಂದ ಈ ಭಾಗದಲ್ಲಿ ಆಟದ ಕಾಲವೂ ಹಕ್ಕಿಯ ಕಾಲವೂ ಒಂದರ ಮೇಲೊಂದು ಬೀಳುತ್ತವೆ. ಇವರು ಸಿಕ್ಕಿದ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿಕೊಳ್ಳುತ್ತಾರೆ. ಎಬ್ಬಿಸಬೇಡಿ. ಇವರಿಂದ ಮುಂದೆ ಕೆಲಸ ಉಂಟು.

ಜೋಡಣೆ

ಹೊರಡುವ ಸಮಯ ಆರೂವರೆ ಎಂದು ವಾಟ್ಸಾಪಿನಲ್ಲಿ ಹಾಕಿ. ಜನವರಿಯಲ್ಲಿ ಕರಾವಳಿಯಲ್ಲಿ ಸೂರ್ಯ ಮೂಡುವುದೇ ಏಳರ ಆಸುಪಾಸು, ನಿಮ್ಮವರು ಮೂಡುವುದು ಏಳೂಕಾಲಿಗೆ. ಇಬ್ಬರಿಗೂ ಹೊಂದಿಕೊಂಡು ಹೋಗುತ್ತದೆ. ಆದರೆ ಒಂಬತ್ತೂವರೆ ದಾಟಿದ ಮೇಲೆ ಕೆರೆ ನಿಮ್ಮದಲ್ಲ. ಸೆಖೆ ಏರುತ್ತದೆ, ಹಕ್ಕಿಗಳು ಎಲೆಯ ಮರೆಗೆ ಸರಿಯುತ್ತವೆ, ಹೊರಗೆ ಉಳಿಯುವುದು ನೀವು ಮತ್ತು ವಾಕಿಂಗಿಗೆ ತಡವಾಗಿ ಬಂದವರು.

ಬೈನಾಕ್ಯುಲರ್ ಕೈಗೆ ಬಂದ ಕೂಡಲೇ ಕಣ್ಣಿಗೆ ಒತ್ತಿಕೊಂಡು ‘ಎಂತದೂ ಕಾಣುದಿಲ್ಲ ಮಾರಾಯ್ರೆ’ ಎನ್ನುವುದು ಸಾರ್ವತ್ರಿಕ. ಹೀಗೆ ಮಾಡಿ: ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ, ಎಡಗಣ್ಣಿಗೆ ಎದುರಿನ ಫಲಕದ ಅಕ್ಷರ ಸ್ಪಷ್ಟವಾಗುವಂತೆ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಬಲಗಣ್ಣಿನ ಕೊಳವೆಯ ಬುಡದಲ್ಲಿರುವ ಡಯಾಪ್ಟರ್ ಎಂಬ ಸಣ್ಣ ಬಳೆಯನ್ನು ತಿರುಗಿಸಿ ಅದೇ ಅಕ್ಷರವನ್ನು ಸ್ಪಷ್ಟ ಮಾಡಿಕೊಳ್ಳಿ. ಎರಡು ಕಣ್ಣಿನ ನಂಬರಿನ ವ್ಯತ್ಯಾಸ ಅಲ್ಲಿಗೆ ಸರಿಹೋಯಿತು. ಇನ್ನು ನಡುವಿನ ಚಕ್ರವೊಂದೇ ಸಾಕು. ವರ್ಷಗಟ್ಟಲೆ ಹಕ್ಕಿ ನೋಡಿದವರಲ್ಲೂ ಆ ಬಳೆ ಇರುವುದು ಅಂದಕ್ಕೆ ಎಂದುಕೊಂಡವರಿದ್ದಾರೆ. ಮೊದಲು ಹಕ್ಕಿಯನ್ನು ಬರಿಗಣ್ಣಿನಿಂದ ಹಿಡಿಯಿರಿ. ಆ ನೋಟ ಕದಲಿಸದೆ ಬೈನಾಕ್ಯುಲರನ್ನು ಕಣ್ಣಿಗೆ ತನ್ನಿ. ತಲೆ ಬಗ್ಗಿಸಿ ಕುತ್ತಿಗೆಯಲ್ಲಿ ನೇತಾಡುವುದನ್ನು ಹುಡುಕಲು ಹೋದಿರೋ, ತಲೆಯೆತ್ತುವಾಗ ಕೊಂಬೆ ಖಾಲಿ.

ಜೋಡಣೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಕಂಡದ್ದನ್ನು ಪಕ್ಕದವರಿಗೆ ತೋರಿಸುವುದು. ಮೈಸೂರಿನ ಕಡೆಯ ಹಕ್ಕಿಗಾರರು ‘ಆ ಆಲದ ಮರದ ಎಡಗೊಂಬೆ’ ಎಂದು ಹೇಳಿ ಮುಗಿಸಿಯಾರು. ಇಲ್ಲಿ ಸಾಧ್ಯವಿಲ್ಲ.

‘ಅಗೋ, ಆ ತೆಂಗಿನ ಮರದಲ್ಲಿ.’

‘ಯಾವ ತೆಂಗಿನ ಮರ?’

‘ಆ ಓರೆ ಇದೆಯಲ್ಲ, ಅದರ ಪಕ್ಕದ್ದು.’

‘ಓರೆಯದ್ದೇ ನಾಲ್ಕು ಉಂಟಲ್ಲ!’

ಇಷ್ಟರಲ್ಲಿ ಹಕ್ಕಿ ಐದನೆಯ ತೆಂಗಿಗೆ ಹಾರಿರುತ್ತದೆ. ತೋರಿಸಲು ತೋಳನ್ನು ಪೂರ್ತಿ ಚಾಚಬೇಡಿ, ಅದನ್ನು ಕಂಡೇ ಅರ್ಧ ಹಕ್ಕಿಗಳು ಏಳುತ್ತವೆ. ತೆಂಗನ್ನು ಬಿಟ್ಟು ಬೇರೆ ಗುರುತು ಹಿಡಿಯಿರಿ: ಕರೆಂಟು ಕಂಬ, ನೀರಿನ ಟ್ಯಾಂಕಿ, ಯಾರದೋ ತಾರಸಿಯಲ್ಲಿ ಒಣಗಲು ಹಾಕಿದ ಕೆಂಪು ಪಂಚೆ. ಪಂಚೆ ತೆಗೆಯುವ ಮೊದಲು ಹೇಳಿ ಮುಗಿಸಿ.

ಬಿಡಿಭಾಗಗಳ ಪರಿಚಯ

ಕೊಳದ ಬಕ. ಕೂತಿದ್ದಾಗ ಮಣ್ಣು, ಹುಲ್ಲು, ಹಳೇ ಗೋಣಿಯ ಬಣ್ಣ. ನಾಲ್ಕು ಹೆಜ್ಜೆ ಹತ್ತಿರ ಹೋದರೂ ಕಾಣುವುದಿಲ್ಲ. ಎದ್ದು ಹಾರಿದ್ದೇ ತಡ, ಎರಡೂ ರೆಕ್ಕೆ ಬೆಳ್ಳಂಬೆಳ್ಳಗೆ ಬಿಚ್ಚಿಕೊಳ್ಳುತ್ತವೆ. ಹೊಸಬರು ‘ಬೆಳ್ಳಕ್ಕಿ!’ ಎಂದು ಕೂಗುತ್ತಾರೆ. ಅದು ಆಚೆ ದಡದಲ್ಲಿ ಇಳಿದು ರೆಕ್ಕೆ ಮಡಚಿಕೊಂಡರೆ ಮತ್ತೆ ಮಾಯ. ‘ಬೆಳ್ಳಕ್ಕಿ ಎಲ್ಲಿ ಹೋಯಿತು?’ ಎಂದು ಹುಡುಕುವವರಿಗೆ ಒಡನೆ ಉತ್ತರ ಹೇಳಬೇಡಿ. ಒಂದು ಸಲ ತಾವೇ ಕಂಡುಕೊಂಡವರು ಮತ್ತೆ ತಪ್ಪುವುದಿಲ್ಲ.

ಬಾಲದ ದೇವನಕ್ಕಿ. ಪುಸ್ತಕದ ಚಿತ್ರದಲ್ಲಿ ಇದಕ್ಕೆ ಕುಡುಗೋಲಿನ ಹಾಗೆ ಬಾಗಿದ ಉದ್ದ ಬಾಲ, ಕತ್ತಿನ ಹಿಂದೆ ಹೊನ್ನಿನ ಬಣ್ಣ. ನೀವು ಜನವರಿಯಲ್ಲಿ ಕಾಣುವ ಹಕ್ಕಿಗೆ ಆ ಬಾಲ ಇರುವುದಿಲ್ಲ. ಅದು ಮರಿ ಮಾಡುವ ಕಾಲದ ಸಿಂಗಾರ. ಮರಿ ಮಾಡುವುದು ಮಳೆಗಾಲದಲ್ಲಿ. ಮಳೆಗಾಲದಲ್ಲಿ ನೀವು ಮನೆಯಲ್ಲಿ ಹಪ್ಪಳ ಸುಟ್ಟುಕೊಂಡು ಕೂತಿರುತ್ತೀರಿ. ಹಾಗಾಗಿ ‘ಬಾಲದ’ ಎಂಬ ಹೆಸರಿನ ಹಕ್ಕಿಯನ್ನು ಬಾಲವಿಲ್ಲದೆಯೇ ಗುರುತಿಸಲು ಕಲಿಯಬೇಕಾಗುತ್ತದೆ. ಬೆರಳು ನೋಡಿ. ಮೈಗೆ ಹೋಲಿಸಿದರೆ ಅಳತೆ ಮೀರಿದ ಬೆರಳುಗಳು. ಭಾರ ಅಗಲಕ್ಕೆ ಹಂಚಿಹೋಗಿ, ತಾವರೆ ಎಲೆ ಮುಳುಗದ ಹಾಗೆ ಅದರ ಮೇಲೆ ನಡೆಯುತ್ತದೆ. ಎಲೆಯ ಅಂಚು ಕೊಂಚ ನೀರಿಗೆ ತಗ್ಗುತ್ತದೆ. ಮುಳುಗುವ ಮೊದಲು ಹಕ್ಕಿ ಮುಂದಿನ ಎಲೆಯಲ್ಲಿರುತ್ತದೆ. ಇದರ ಸಂಸಾರವೂ ಹೇಳುವಂಥದ್ದು: ಹೆಣ್ಣು ಮೊಟ್ಟೆಯಿಟ್ಟು ಮತ್ತೊಂದು ಗಂಡಿನ ಕಡೆ ಹೋಗುತ್ತದೆ, ಕಾವು ಕೊಟ್ಟು ಮರಿ ನೋಡಿಕೊಳ್ಳುವುದು ಗಂಡು. ಈ ಸಂಗತಿಯನ್ನು ದಂಪತಿಗಳಿರುವ ಗುಂಪಿನಲ್ಲಿ ಹೇಳಿದರೆ ಅರ್ಧ ಗಂಟೆ ಹಕ್ಕಿ ನೋಡುವುದು ನಿಲ್ಲುತ್ತದೆ.

ಹಾವಕ್ಕಿ. ಮೈಯನ್ನೆಲ್ಲ ನೀರಿನೊಳಗಿಟ್ಟು ಕತ್ತು ಮಾತ್ರ ಮೇಲೆ ತಂದು ಈಜುತ್ತದೆ. ನೀರುಕಾಗೆಯ ಹಾಗೆ ಇದರ ಗರಿಯೂ ನೆನೆಯುತ್ತದೆ, ಅದಕ್ಕೇ ಮೀನು ಹಿಡಿದಾದ ಮೇಲೆ ಎರಡೂ ರೆಕ್ಕೆ ಹರಡಿಕೊಂಡು ಒಣಗಲು ನಿಲ್ಲುತ್ತವೆ. ಅಲುಗಾಡದೆ ನಿಲ್ಲುವುದರಿಂದ ಕ್ಯಾಮೆರಾದವರಿಗೆ ಅಚ್ಚುಮೆಚ್ಚು. ಒಂದೇ ನೀರುಕಾಗೆಯ ಇನ್ನೂರು ಫೋಟೋ ಗುಂಪಿಗೆ ಬಂದು ಬೀಳುವುದನ್ನು ತಡೆಯುವ ಉಪಾಯ ಈ ಕೈಪಿಡಿಯಲ್ಲಿ ಇಲ್ಲ.

ಮಿಂಚುಳ್ಳಿ. ಕೆರೆಯಲ್ಲೇ ಹುಡುಕಬೇಡಿ. ಬಿಳಿ ಎದೆಯ ದೊಡ್ಡ ಮಿಂಚುಳ್ಳಿಗೆ ಮೀನೇ ಆಗಬೇಕೆಂಬ ಹಟವಿಲ್ಲ. ನೀರಿನಿಂದ ದೂರದ ಕರೆಂಟು ತಂತಿಯ ಮೇಲೆ ಕೂತು ಮಿಡತೆ, ಹಲ್ಲಿಗಳಿಗೂ ಹೊಂಚುತ್ತದೆ.

ಗರುಡ ಮತ್ತು ಹದ್ದು. ಸ್ನೇಹ ಕೆಡುವುದು ಇಲ್ಲಿಯೇ, ಆದ್ದರಿಂದ ನಿಧಾನವಾಗಿ ಓದಿ. ಜಾತ್ರೆಯ ರಥದ ಮೇಲೆ ಗರುಡ ಸುತ್ತು ಹೊಡೆಯಿತೆಂದರೆ ನಿಂತಲ್ಲೇ ಕೈಮುಗಿಯುವ ನಾಡು ಇದು. ಅದೇ ಗರುಡ ಮರುದಿನ ಮಲ್ಪೆ ಬಂದರಿನಲ್ಲಿ ಬೋಟಿನವರು ಎಸೆದ ಮೀನಿನ ಚೂರಿಗಾಗಿ ಕಾಗೆಯ ಜೊತೆ ಜಗಳಕ್ಕಿಳಿಯುತ್ತದೆ. ಬೆಳೆದ ಗರುಡನಿಗೆ ತಲೆ–ಎದೆ ಬಿಳಿ, ಉಳಿದ ಮೈ ಇಟ್ಟಿಗೆಗೆಂಪು, ಮಗುವೂ ಹೇಳುತ್ತದೆ. ತೊಡಕು ಬರುವುದು ಎಳೆಯ ಗರುಡನಿಂದ. ಅದು ಮೈಯೆಲ್ಲ ಕಂದು, ಥೇಟ್ ಹದ್ದು. ಬಾಲ ನೋಡಿ: ಹದ್ದಿನ ಬಾಲದ ತುದಿ ಕವಲು, ಗರುಡನದು ದುಂಡಗೆ. ಆದರೆ ಹದ್ದು ತಿರುಗುವಾಗ ಬಾಲವನ್ನು ಬೀಸಣಿಗೆಯಂತೆ ಹರಡಿದರೆ ಕವಲೂ ಮುಚ್ಚಿಹೋಗುತ್ತದೆ. ಆಗ ಮಾಸ್ಟ್ರು ‘ಗರುಡ, ಅನುಮಾನವೇ ಇಲ್ಲ’ ಎನ್ನುತ್ತಾರೆ. ಕ್ಯಾಮೆರಾದವರು ಫೋಟೋ ದೊಡ್ಡದು ಮಾಡಿ ‘ಹದ್ದು’ ಎನ್ನುತ್ತಾರೆ. ನೀವು ಅದು ಬಾಲ ಮಡಚುವ ತನಕ ಕಾಯಿರಿ. ಮಡಚದೆ ತೋಟದಾಚೆ ಹೋಗಿಬಿಟ್ಟರೆ ಟಿಪ್ಪಣಿ ಪುಸ್ತಕದಲ್ಲಿ ‘ಗೊತ್ತಾಗಲಿಲ್ಲ’ ಎಂದು ಬರೆದುಕೊಳ್ಳಿ. ಇಡೀ ದಿನದಲ್ಲಿ ಕಲಿಯಬೇಕಾದ ಅತಿ ಕಷ್ಟದ ಕೌಶಲ ಇದೊಂದೇ. ಡಯಾಪ್ಟರ್ ಬಳೆಯನ್ನು ಐದು ನಿಮಿಷದಲ್ಲಿ ಕಲಿಯಬಹುದು. ಜನರೆದುರು ಗೊತ್ತಾಗಲಿಲ್ಲ ಎನ್ನಲು ಕೆಲವರಿಗೆ ಇಪ್ಪತ್ತು ವರ್ಷ ಹಿಡಿಯುತ್ತದೆ.

ತಿಂಡಿಯ ಸಮಯದ ಎಚ್ಚರಿಕೆಗಳು

ಬನ್ಸ್ ಮತ್ತು ಸಜ್ಜಿಗೆ–ಅವಲಕ್ಕಿ. ಬನ್ಸಿನ ಎಣ್ಣೆಗೈಯಲ್ಲಿ ಲೆನ್ಸು ಮುಟ್ಟಿದವರಿಗೆ ಮುಂದಿನ ಹಕ್ಕಿ ಇಲ್ಲ. ಒಳ್ಳೆಯ ಹಕ್ಕಿ ಬರುವುದು ಬಾಯಿ ತುಂಬಿದ್ದಾಗಲೇ ಎಂಬ ನಂಬಿಕೆಗೆ ವಿಜ್ಞಾನದ ಆಧಾರವಿಲ್ಲ. ಆದರೂ ಒಬ್ಬರನ್ನು ಖಾಲಿ ಬಾಯಲ್ಲಿ ಕಾವಲಿಗೆ ನಿಲ್ಲಿಸುವುದು ವಾಸಿ.

ಧ್ವನಿ ವಿಭಾಗ

ಈಗ ಮೊಬೈಲಿನಲ್ಲಿ ಮರ್ಲಿನ್ ಎಂಬ ಆಪ್ ಉಂಟು. ಅಮೆರಿಕದ ಕಾರ್ನೆಲ್ ಪಕ್ಷಿವಿಜ್ಞಾನ ಕೇಂದ್ರದವರು ಮಾಡಿದ್ದು. ಕೂಗು ಕೇಳಿಸಿದರೆ ಹೆಸರು ತೋರಿಸುತ್ತದೆ. ಇದನ್ನು ತೆರೆದವರು ಆಮೇಲೆ ಮರ ನೋಡುವುದಿಲ್ಲ, ಪರದೆ ನೋಡುತ್ತಾರೆ. ಪಿಕಳಾರ, ಸೂರಕ್ಕಿ, ಕೆಂಬೂತ ಎಂದು ಹೆಸರುಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ, ಅಲ್ಲಿಯವರೆಗೆ ತೊಂದರೆಯಿಲ್ಲ. ಆಮೇಲೆ ಕೆರೆಯ ಪಕ್ಕದ ಗುಡ್ಡದ ಮರದಿಂದ ಹಾವು ಹಿಡಿಯುವ ಗಿಡುಗ ಪನ್ನಗಾರಿಯ ಕೂಗು, ಅದರ ಬೆನ್ನಿಗೇ ಇನ್ನೊಂದು ಬೇಟೆಹಕ್ಕಿಯದು, ಮತ್ತೆ ಯಾವುದೋ ಮೂರನೆಯದು. ಪರದೆಯ ಮೇಲೆ ಹೆಸರುಗಳ ಮೆರವಣಿಗೆ. ಕ್ಯಾಮೆರಾದವರು ಓಡುತ್ತಾರೆ, ಮಾಸ್ಟ್ರು ಮೂರನ್ನೂ ಬರೆದುಕೊಳ್ಳುತ್ತಾರೆ.

ಬೆಂಚಿನ ಮೇಲಿನವರನ್ನು ಈಗ ಬಳಸಿ. ಕಣ್ಣು ಬಿಡದೆಯೇ ಅವರು ಹೇಳುತ್ತಾರೆ: ‘ಓಡಬೇಡಿ ಮಾರಾಯ್ರೆ, ಎಲ್ಲ ಒಂದೇ ಬಾಯಿಯದ್ದು.’ ರಾತ್ರಿಯಿಡೀ ಒಬ್ಬರೇ ಭಾಗವತರು ಹತ್ತು ಪಾತ್ರಗಳಿಗೆ ಹಾಡುವುದನ್ನು ಕೇಳಿ ಬಂದವರ ಕಿವಿ ಅದು. ಮರದ ನೆತ್ತಿಯಲ್ಲಿ ಕೂತಿರುವುದು ಭೀಮರಾಜ, ಬಾಲದಿಂದ ಎರಡು ಉದ್ದ ತಂತಿ ಇಳಿಬಿಟ್ಟು ತುದಿಗೆ ಗರಿಯ ಬಿಲ್ಲೆ ಕಟ್ಟಿಕೊಂಡ ಕಾಜಾಣ. ಪರರ ದನಿ ಅನುಕರಿಸುವುದರಲ್ಲಿ ಅದು ನಿಸ್ಸೀಮ. ಬೇಟೆಹಕ್ಕಿಗಳ ಕೂಗೆಂದರೆ ವಿಶೇಷ ಪ್ರೀತಿ. ಮಾಸ್ಟ್ರು ಬರೆದುಕೊಂಡ ಮೂರನ್ನೂ ಹೊಡೆದುಹಾಕುವ ತನಕ ಅವರ ಕಡೆ ನೋಡದಿರುವುದು ಸಭ್ಯತೆ.

ಒಂದು ನಿಷೇಧ, ಇದರಲ್ಲಿ ತಮಾಷೆಯಿಲ್ಲ. ಮೊಬೈಲಿನಿಂದ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಹತ್ತಿರ ಕರೆಯಬೇಡಿ. ತನ್ನ ಜಾಗಕ್ಕೆ ಎದುರಾಳಿ ಬಂದನೆಂದು ಅದು ಮೇವು ಬಿಟ್ಟು, ಕೆಲವೊಮ್ಮೆ ಗೂಡು ಬಿಟ್ಟು, ಜಗಳಕ್ಕೆ ಬರುತ್ತದೆ. ಫೋಟೋಕ್ಕೆಂದು ಗೂಡಿನ ಮುಂದಿನ ಎಲೆ ಸವರುವವರ ಜೊತೆ ಇನ್ನೊಂದು ಭಾನುವಾರ ಹೋಗಬೇಡಿ.

ಮಧ್ಯಾಹ್ನದ ಹೆಚ್ಚುವರಿ ಜೋಡಣೆ (ಬೇಕಿದ್ದವರಿಗೆ)

ಊಟವಾದ ಮೇಲೂ ಹುಮ್ಮಸ್ಸು ಉಳಿದಿದ್ದರೆ ಕೋಡಿ ಬೆಂಗ್ರೆಗೆ ಹೋಗಿ. ಸೀತಾ, ಸ್ವರ್ಣಾ ನದಿಗಳು ಸಮುದ್ರ ಸೇರುವ ಜಾಗ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳಿನ ನಾಲಿಗೆ. ಗಡಿಯಾರ ನೋಡಿ ಹೋಗಬೇಡಿ, ಇಳಿತ ಎಷ್ಟು ಹೊತ್ತಿಗೆಂದು ಮೀನಿನವರನ್ನು ಕೇಳಿ ಹೋಗಿ. ನೀರು ಇಳಿದು ಕೆಸರು ತೆರೆದುಕೊಂಡಾಗ ಮಾತ್ರ ದಡದ ಸಣ್ಣ ಹಕ್ಕಿಗಳು ಹುಳ ಹೆಕ್ಕಲು ಹರಡಿಕೊಳ್ಳುತ್ತವೆ.

ಅವುಗಳಲ್ಲಿ ಸ್ಯಾಂಡ್ ಪ್ಲವರ್ ಎಂಬುದು ಮನುಷ್ಯರ ಅಹಂಕಾರ ಇಳಿಸಲೆಂದೇ ದೂರದಿಂದ ಬರುತ್ತದೆ. ಚಳಿಗಾಲದಲ್ಲಿ ಬೆನ್ನು ಮರಳಿನ ಬಣ್ಣ, ಹೊಟ್ಟೆ ಬಿಳಿ, ಅಷ್ಟೇ. ಹತ್ತು ಹೆಜ್ಜೆ ಓಡಿ, ಗಕ್ಕನೆ ನಿಂತು, ಕುಕ್ಕಿ, ಮತ್ತೆ ಓಡುತ್ತದೆ. ಇವುಗಳಲ್ಲಿ ದೊಡ್ಡದು, ಚಿಕ್ಕದು ಎಂದು ಎರಡು ಬಗೆ. ದೊಡ್ಡದರ ಕೊಕ್ಕು ಹೆಚ್ಚು ಉದ್ದ. ಎಷ್ಟು ಉದ್ದ? ಎರಡೂ ಅಕ್ಕಪಕ್ಕ ನಿಂತರೆ ಗೊತ್ತಾಗುವಷ್ಟು. ಅಕ್ಕಪಕ್ಕ ನಿಲ್ಲುವುದಿಲ್ಲ. ಹೇಗೋ ಕಣ್ಣು ಪಳಗಿಸಿಕೊಂಡು ‘ಇದು ಚಿಕ್ಕದೇ’ ಎಂದು ಧೈರ್ಯವಾಗಿ ಹೇಳುವ ಹಂತಕ್ಕೆ ನಮ್ಮವರು ಬಂದಿದ್ದರು. 2023ರಲ್ಲಿ, ಲೋಕದ ಹಕ್ಕಿಗಾರರೆಲ್ಲ ಪಟ್ಟಿ ಸೇರಿಸುವ ಈಬರ್ಡ್ ಜಾಲದವರು ಆ ಚಿಕ್ಕದನ್ನೇ ಎರಡು ಜಾತಿಯಾಗಿ ಒಡೆದರು: ಟಿಬೆಟಿನದೊಂದು, ಸೈಬೀರಿಯದ್ದೊಂದು. ನಮ್ಮ ಕರಾವಳಿಗೆ ಬರುವುದು ಬಹುಮಟ್ಟಿಗೆ ಟಿಬೆಟಿನದೆಂದು ಬಲ್ಲವರು ಸಮಾಧಾನ ಹೇಳುತ್ತಾರೆ. ಹಕ್ಕಿ ಮಾತ್ರ ಹತ್ತು ಹೆಜ್ಜೆ ಓಡಿ, ಕುಕ್ಕಿ, ಮತ್ತೆ ಓಡುತ್ತಲೇ ಇದೆ.

ಪಟ್ಟಿ ತುಂಬುವುದು

ಸಂಜೆ ಮನೆಗೆ ಬಂದು ಕಾಲು ತೊಳೆಯುವ ಮೊದಲೇ ಈಬರ್ಡಿಗೆ ಪಟ್ಟಿ ಹಾಕಬೇಕೆಂಬ ಆತುರ ಎಲ್ಲರಿಗೂ ಇರುತ್ತದೆ. ಪಟ್ಟಿಯಲ್ಲಿ ಕಾಗೆಯನ್ನು ಬರೆಯಿರಿ. ‘ಕಾಗೆಯನ್ನೂ ಬರೆಯುವುದಾ?’ ಎಂದು ನಗುವವರಿರುತ್ತಾರೆ. ಗುರುತು ಸಿಕ್ಕ ಹಕ್ಕಿಯನ್ನೆಲ್ಲ ಬರೆದರೆ ಮಾತ್ರ ಆ ಪಟ್ಟಿ ‘ಸಂಪೂರ್ಣ’ ಎನಿಸಿಕೊಳ್ಳುತ್ತದೆ, ಮತ್ತು ಸಂಪೂರ್ಣ ಪಟ್ಟಿಯಿಂದಲೇ ಒಂದು ಹಕ್ಕಿ ಕಡಿಮೆಯಾಗುತ್ತಿದೆಯೇ ಎಂದು ಲೆಕ್ಕ ಹಾಕಲು ಆಗುವುದು. ಕಾಗೆ ಬರೆಯದವರ ಪಟ್ಟಿಯಲ್ಲಿ ಕಾಗೆ ಇಲ್ಲದ್ದು ಕಾಗೆ ಇಲ್ಲದ ಕಾರಣಕ್ಕೋ, ಬರೆಯಲು ಬೇಸರವಾದ ಕಾರಣಕ್ಕೋ? ಲೆಕ್ಕ ಹಾಕುವವರಿಗೆ ಹೇಗೆ ತಿಳಿಯಬೇಕು! 2023ರಲ್ಲಿ ಬಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ 942 ಜಾತಿಗಳನ್ನು ತೂಗಿ ನೋಡಿದ್ದು ಹೀಗೆಯೇ, ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿಗಾರರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆಗಳಿಂದ. ಅವರಲ್ಲಿ ಬಹಳಷ್ಟು ಜನ ನಿಮ್ಮ ಹಾಗೆ ಬನ್ಸ್ ಕಟ್ಟಿಕೊಂಡು ಹೊರಟವರೇ. ಇಡೀ ದಿನ ಕೊಡಲಾಗದವರಿಗೆ ಫೆಬ್ರವರಿಯಲ್ಲಿ ನಾಲ್ಕು ದಿನದ ಹಿತ್ತಲ ಹಕ್ಕಿಗಳ ಎಣಿಕೆ ಉಂಟು. ಹದಿನೈದು ನಿಮಿಷ ಬಾವಿಕಟ್ಟೆಯ ಹತ್ತಿರ ನಿಂತರೂ ಲೆಕ್ಕಕ್ಕೆ ಬರುತ್ತದೆ.

ಬೆಳಗಿನ ‘ಗೊತ್ತಾಗಲಿಲ್ಲ’ವನ್ನು ಎಲ್ಲಿ ಹಾಕುವುದು? ಅದಕ್ಕೂ ಈಬರ್ಡಿನಲ್ಲಿ ಜಾಗ ಇಟ್ಟಿದ್ದಾರೆ. ‘ಯಾವುದೋ ಒಂದು ಬೇಟೆಹಕ್ಕಿ’ ಎಂದು ಹಾಕಬಹುದು. ‘ಈ ಸ್ಯಾಂಡ್ ಪ್ಲವರೋ ಆ ಸ್ಯಾಂಡ್ ಪ್ಲವರೋ’ ಎಂದೂ ಹಾಕಬಹುದು. ಅಷ್ಟು ದೊಡ್ಡ ಜಾಲ ಕಟ್ಟಿದವರೇ ಗೊತ್ತಾಗಲಿಲ್ಲ ಎನ್ನಲು ಗೂಡು ಮಾಡಿಕೊಟ್ಟಿರುವಾಗ ಕೆರೆದಂಡೆಯಲ್ಲಿ ನಮಗೆಂಥ ನಾಚಿಕೆ?

ದೋಷ ನಿವಾರಣೆ

ತೊಂದರೆ: ಒಂದು ಹಕ್ಕಿಯೂ ಕಾಣುತ್ತಿಲ್ಲ. ಕಾರಣ: ಮಾತು. ಪರಿಹಾರ: ಮಾತಾಡುವವರಿಗೆ ತಿಂಡಿ ಕೊಡಿ.

ತೊಂದರೆ: ಕೆರೆಯ ನಡುವೆ ಕಂದು ಮುದ್ದೆಗಳು, ಅಲುಗಾಡುವುದಿಲ್ಲ. ಕಾರಣ: ಸಿಳ್ಳೆಬಾತುಗಳು. ಇವು ಹೆಚ್ಚಾಗಿ ಮೇಯುವುದು ರಾತ್ರಿ, ಹಗಲಿನಲ್ಲಿ ಗುಂಪಾಗಿ ತೂಕಡಿಸುತ್ತವೆ. ಬೆಂಚಿನ ಮೇಲಿನವರಿಗೆ ತೋರಿಸಿ, ಖುಷಿಯಾಗುತ್ತದೆ.

ತೊಂದರೆ: ವಾಕಿಂಗಿನ ಹಿರಿಯರೊಬ್ಬರು ಹತ್ತಿರ ಬಂದು ‘ಎಂತ, ಸರ್ವೆಯಾ? ರಸ್ತೆ ಅಗಲ ಮಾಡ್ತಾರಾ?’ ಎಂದು ಕೇಳುತ್ತಾರೆ. ಕಾರಣ: ಕೈಯಲ್ಲಿ ಪುಸ್ತಕ, ಕಣ್ಣಿಗೆ ದುರ್ಬೀನು, ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡು, ಯಾರಿಗಾದರೂ ಎದೆ ಝಲ್ಲೆನ್ನಬೇಕು. ಪರಿಹಾರ: ‘ಇಲ್ಲ ಅಣ್ಣ, ಹಕ್ಕಿ ನೋಡ್ಲಿಕ್ಕೆ’ ಎಂದು ಬೈನಾಕ್ಯುಲರನ್ನು ಅವರ ಕೈಗೇ ಕೊಡಿ. ಅವರು ಮೊದಲು ನೋಡುವುದು ಎದುರು ದಡದ ತಮ್ಮ ಮನೆಯನ್ನು. ಕೆಲಸದವರು ಬಂದಿದ್ದಾರೋ ಇಲ್ಲವೋ ಎಂದು ತಿಳಿದ ಮೇಲೆ ಹಕ್ಕಿಯನ್ನೂ ನೋಡುತ್ತಾರೆ.

ತೊಂದರೆ: ಪಟ್ಟಿ ಹಾಕಿದ ಮೂರನೆಯ ದಿನ ಒಂದು ಸಂದೇಶ ಬರುತ್ತದೆ: ನೀವು ದಾಖಲಿಸಿದ ಹಕ್ಕಿ ಈ ಭಾಗದಲ್ಲಿ ಅಪರೂಪ, ದಯವಿಟ್ಟು ಫೋಟೋ ಅಥವಾ ವಿವರಣೆ ಕೊಡಿ. ಕಾರಣ: ಅಪರೂಪದ ಹಕ್ಕಿ ಕಾಣಿಸಿಕೊಂಡಾಗ ಪರಿಶೀಲಿಸಲು ಆಯಾ ಪ್ರದೇಶಕ್ಕೆ ಸ್ವಯಂಸೇವಕರಿದ್ದಾರೆ. ಪರಿಹಾರ: ಕಂಡ ಬಣ್ಣ, ಕೊಕ್ಕು, ಬಾಲ, ಬೆಳಕು ಯಾವ ಕಡೆಯಿಂದ ಇತ್ತು, ಇಷ್ಟನ್ನು ಬರೆದು ಕಳಿಸಿ. ‘ಮಾಸ್ಟ್ರು ಹೇಳಿದರು’ ಎಂದು ಮಾತ್ರ ಬರೆಯಬೇಡಿ. ಆ ಸ್ವಯಂಸೇವಕರು ಮೊದಲ ಹಕ್ಕಿ ನೋಡಿದ್ದು ಮಾಸ್ಟ್ರ ಜೊತೆಗೇ ಆಗಿರುವ ಸಂಭವ ಉಂಟು, ಮತ್ತು ಆ ದಿನದ ಪಟ್ಟಿಯನ್ನು ತಿದ್ದುವ ಕೆಲಸ ಅವರಿಗೆ ಇನ್ನೂ ಮುಗಿದಿರಲಿಕ್ಕಿಲ್ಲ.